ಯುದ್ಧಕಾಲದ ಲಾರಿಯ ಪುನರುಜ್ಜೀವನ: ಬಿಡಿಭಾಗದ ಸಂಖ್ಯೆ ಕಲಿಸುವ ಪಾಠ

ಒಂದು ಯಂತ್ರದ ಆಯುಷ್ಯ ಎಷ್ಟು ಎಂಬ ಪ್ರಶ್ನೆಗೆ ನಮ್ಮ ವರ್ತಕ ಬಾಂಧವರೂ ತಯಾರಕರೂ ಸಾಮಾನ್ಯವಾಗಿ ಖಾತರಿ ಪತ್ರದ ಅವಧಿಯನ್ನೋ, ಲೆಕ್ಕಪತ್ರದಲ್ಲಿ ತೋರಿಸುವ ಸವಕಳಿಯ ವರ್ಷಗಳನ್ನೋ ಉತ್ತರವಾಗಿ ನೀಡುವುದು ರೂಢಿ. ಆದರೆ ಎರಡನೆಯ ಮಹಾಯುದ್ಧದ ಅವಧಿಯಲ್ಲಿ, 1940 ಮತ್ತು 1945ರ ನಡುವೆ, ಕೆನಡಾ ದೇಶದ ಕಾರ್ಖಾನೆಗಳಿಂದ ಹೊರಬಂದ ಸೈನಿಕ ಲಾರಿಗಳು ಈ ಎರಡೂ ಲೆಕ್ಕಗಳನ್ನು ಹುಸಿಗೊಳಿಸಿವೆ. ಯುದ್ಧ ಮುಗಿಯುವವರೆಗೆ ಬಾಳಿದರೆ ಸಾಕು ಎಂಬ ಎಣಿಕೆಯಿಂದ ಅವಸರದಲ್ಲಿ ಕಟ್ಟಿದ ಈ ವಾಹನಗಳ ಪೈಕಿ ಅನೇಕವು ಎಂಬತ್ತು ವರ್ಷ ಕಳೆದ ಮೇಲೂ ತಮ್ಮದೇ ಎಂಜಿನ್ನಿನ ಬಲದಿಂದ ಚಲಿಸುತ್ತಿವೆ. ತಯಾರಿಸಿದ ಕಾರ್ಖಾನೆಗಳು ಆ ಮಾದರಿಯನ್ನು ಕೈಬಿಟ್ಟು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲವಾಗಿದೆ.

ಇದು ಹೇಗೆ ಸಾಧ್ಯವಾಯಿತು? ಉತ್ತರವು ಉಕ್ಕಿನ ಗುಣಮಟ್ಟದಲ್ಲಿ ಮಾತ್ರ ಇಲ್ಲ. ಪ್ರತಿಯೊಂದು ಭಾಗಕ್ಕೂ ಒಂದು ಸಂಖ್ಯೆ, ಪ್ರತಿಯೊಂದು ಸಂಖ್ಯೆಗೂ ಒಂದು ಅಳತೆ, ಆ ಅಳತೆಯನ್ನು ನೋಡಿ ಕೆಲಸ ಮಾಡಬಲ್ಲ ಒಂದು ಸಣ್ಣ ಕಾರ್ಯಾಗಾರ: ಈ ಮೂರು ಇದ್ದಲ್ಲಿ ಯಂತ್ರಕ್ಕೆ ಸಾವಿಲ್ಲ. ಹಳೆಯ ಸೈನಿಕ ಲಾರಿಯೊಂದನ್ನು ಬಿಚ್ಚಿ ಮರಳಿ ಕಟ್ಟುವ ಕಾರ್ಯವನ್ನು ಹಂತಹಂತವಾಗಿ ಪರಿಶೀಲಿಸಿದರೆ ಸಣ್ಣ ಕೈಗಾರಿಕೋದ್ಯಮಿಗೆ ಕಲಿಯಬೇಕಾದುದು ಬಹಳಷ್ಟಿದೆ ಎಂಬುದು ಮನವರಿಕೆಯಾಗುತ್ತದೆ.

ಒಂದೇ ಮಾದರಿ, ಇಬ್ಬರು ಪ್ರತಿಸ್ಪರ್ಧಿಗಳು

1940ರ ಮೇ–ಜೂನ್ ತಿಂಗಳುಗಳಲ್ಲಿ ಬ್ರಿಟಿಷ್ ಸೈನ್ಯವು ಫ್ರಾನ್ಸಿನಿಂದ ಹಿಂತೆಗೆಯಬೇಕಾಗಿ ಬಂದಾಗ ಸುಮಾರು 64,000 ವಾಹನಗಳನ್ನು ಅಲ್ಲಿಯೇ ಬಿಟ್ಟುಬರಬೇಕಾಯಿತು. ಈ ಕೊರತೆಯನ್ನು ತುಂಬಿಕೊಡುವ ಹೊಣೆಯಲ್ಲಿ ದೊಡ್ಡ ಪಾಲು ಕೆನಡಾದ ಮೇಲೆ ಬಿದ್ದಿತು. ಬ್ರಿಟಿಷ್ ಯುದ್ಧ ಇಲಾಖೆಯ ನಿರೂಪಣೆಗಳನ್ನು ಆಧರಿಸಿ 1930ರ ದಶಕದ ಕೊನೆಯಲ್ಲಿಯೇ ಅಲ್ಲಿ ಒಂದು ಮಾದರಿಯು ರೂಪುಗೊಂಡಿತ್ತು. ಅದನ್ನು ‘ಕೆನೇಡಿಯನ್ ಮಿಲಿಟರಿ ಪ್ಯಾಟರ್ನ್’, ಸಂಕ್ಷೇಪವಾಗಿ ಸಿ.ಎಂ.ಪಿ., ಎಂದು ಕರೆಯಲಾಯಿತು. ಒಂಟಾರಿಯೋ ಪ್ರಾಂತ್ಯದ ವಿಂಡ್ಸರ್ ನಗರದಲ್ಲಿ ಫೋರ್ಡ್ ಸಂಸ್ಥೆಯೂ ಅದೇ ಪ್ರಾಂತ್ಯದ ಆಶಾವಾ ನಗರದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯೂ ಈ ಲಾರಿಗಳನ್ನು ತಯಾರಿಸಿದವು. ಯುದ್ಧ ಮುಗಿಯುವ ವೇಳೆಗೆ ಇವುಗಳ ಸಂಖ್ಯೆ 4 ಲಕ್ಷವನ್ನು ಮೀರಿತ್ತು.

ಮಾರುಕಟ್ಟೆಯಲ್ಲಿ ಪರಸ್ಪರ ಹಗೆಯಂತೆ ಸ್ಪರ್ಧಿಸುತ್ತಿದ್ದ ಎರಡು ಸಂಸ್ಥೆಗಳು ಇಲ್ಲಿ ಒಂದೇ ನಮೂನೆಯ ವಾಹನವನ್ನು ಕಟ್ಟಿದವು ಎಂಬುದು ಗಮನಾರ್ಹ. ಎಂಜಿನ್ ಮತ್ತು ಗೇರುಪೆಟ್ಟಿಗೆಗಳನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಸಂಪ್ರದಾಯದಂತೆಯೇ ಉಳಿಸಿಕೊಂಡರು. ಫೋರ್ಡ್ ಲಾರಿಯಲ್ಲಿ 239 ಘನ ಅಂಗುಲದ, 95 ಅಶ್ವಶಕ್ತಿಯ ವಿ-8 ಎಂಜಿನ್. ಷೆವರ್ಲೆ ಲಾರಿಯಲ್ಲಿ 216 ಘನ ಅಂಗುಲದ, 85 ಅಶ್ವಶಕ್ತಿಯ ಆರು ಸಿಲಿಂಡರುಗಳ ಎಂಜಿನ್. ಆದರೆ ಕ್ಯಾಬಿನ ಆಕಾರ, ಚಕ್ರಗಳು, ಹಿಂಭಾಗದ ದೇಹ ಮುಂತಾದವು ಬಹುಪಾಲು ಒಂದೇ. ಹೊರಗಿನಿಂದ ನೋಡುವವರಿಗೆ ಮುಂಭಾಗದ ಲಾಂಛನವನ್ನು ಹುಡುಕಿದ ಮೇಲೆಯೇ ಯಾರ ತಯಾರಿಕೆ ಎಂಬುದು ತಿಳಿಯುತ್ತಿತ್ತು. ರಣರಂಗದಲ್ಲಿ ಕೆಟ್ಟು ನಿಂತ ಒಂದು ಲಾರಿಯ ಭಾಗವನ್ನು ಇನ್ನೊಂದಕ್ಕೆ ಜೋಡಿಸಲು ಸಾಧ್ಯವಾಗಬೇಕೆಂಬ ಉದ್ದೇಶವೇ ಈ ಏಕರೂಪತೆಗೆ ಕಾರಣ.

ವಿನ್ಯಾಸದಲ್ಲಿಯೂ ವ್ಯಾಪಾರಿಗಳು ಮೆಚ್ಚುವ ಮಿತವ್ಯಯವಿದೆ. ಹಡಗಿನಲ್ಲಿ ಕಡಿಮೆ ಜಾಗ ಹಿಡಿಯಲೆಂದು ಮೂತಿಯನ್ನು ಮೊಟಕುಗೊಳಿಸಿ, ಎಂಜಿನ್ನನ್ನು ಚಾಲಕನ ಪಕ್ಕಕ್ಕೇ ಎಳೆದುಕೊಳ್ಳಲಾಯಿತು. ಚಾಲಕನ ಕಾಲಿಗೆ ಇಕ್ಕಟ್ಟೂ ಮೈಗೆ ಸೆಕೆಯೂ ತಪ್ಪಲಿಲ್ಲ. ಆದರೆ ಅದೇ ಉದ್ದದ ಚಾಸಿಯ ಮೇಲೆ ಸರಕಿಗೆ ಹೆಚ್ಚು ಸ್ಥಳ ದೊರೆಯಿತು. 1941ರ ಕೊನೆಯಿಂದ ಬಂದ 13ನೆಯ ಸಂಖ್ಯೆಯ ಕ್ಯಾಬಿನಲ್ಲಿ ಮುಂಗಾಜು ಮೇಲಂಚಿನಲ್ಲಿ ಮುಂದಕ್ಕೆ ಬಾಗಿರುವುದನ್ನು ಕಾಣಬಹುದು. ಬಿಸಿಲಿನ ಪ್ರತಿಫಲನವು ಮೇಲೆ ಹಾರುವ ಶತ್ರು ವಿಮಾನಕ್ಕೆ ಕಾಣದಿರಲೆಂದು ಮಾಡಿದ ಏರ್ಪಾಡು ಅದು.

ಭಾರತದ ನಂಟು

ಈ ಲಾರಿಗಳು ಬಹುಮಟ್ಟಿಗೆ ಬಿಡಿಬಿಡಿಯಾಗಿ ಮರದ ಪೆಟ್ಟಿಗೆಗಳಲ್ಲಿ ಸಾಗರ ದಾಟಿ, ತಲಪಿದ ದೇಶದಲ್ಲಿ ಜೋಡಣೆಗೊಳ್ಳುತ್ತಿದ್ದವು. ಬೊಂಬಾಯಿಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು 1928ರಿಂದಲೇ ಜೋಡಣಾ ಕಾರ್ಖಾನೆಯನ್ನು ಹೊಂದಿದ್ದಿತು; ಫೋರ್ಡ್ ಕೂಡ ಆ ವೇಳೆಗೆ ಭಾರತದಲ್ಲಿ ನೆಲೆಯೂರಿತ್ತು. ಚಾಲಕನ ಸ್ಥಾನ ಬಲಬದಿಗೆ ಇದ್ದುದರಿಂದ ನಮ್ಮ ರಸ್ತೆಗಳಿಗೆ ಇವು ಹೊಂದಿಕೊಂಡವು. ಕೆನಡಾದ ಫೋರ್ಡ್ ಚಾಸಿಯ ಮೇಲೆ ಟಾಟಾ ಉಕ್ಕಿನ ಕವಚವನ್ನು ಹೊದಿಸಿ ಕಟ್ಟಿದ ‘ಇಂಡಿಯನ್ ಪ್ಯಾಟರ್ನ್ ಕ್ಯಾರಿಯರ್’ ಎಂಬ ಕವಚವಾಹನಗಳು ಸಾವಿರಾರು ಸಂಖ್ಯೆಯಲ್ಲಿ ತಯಾರಾಗಿದ್ದವು. ಇಂಫಾಲ ಮತ್ತು ಕೊಹಿಮಾಗಳಲ್ಲಿ 1944ರಲ್ಲಿ ಕಾದಿದ ಹದಿನಾಲ್ಕನೆಯ ಸೈನ್ಯಕ್ಕೆ ಆಹಾರ, ಮದ್ದುಗುಂಡುಗಳನ್ನು ಹೊತ್ತ ವಾಹನಗಳಲ್ಲಿ ಸಿ.ಎಂ.ಪಿ. ಲಾರಿಗಳದೂ ಪ್ರಮುಖ ಪಾತ್ರ.

ಯುದ್ಧಾನಂತರ ಸರ್ಕಾರವು ಹೆಚ್ಚುವರಿ ವಾಹನಗಳನ್ನು ವಿಲೇವಾರಿ ಮಾಡಿದಾಗ ‘ಡಿಸ್ಪೋಸಲ್ ಲಾರಿ’ ಎಂಬ ಮಾತು ನಮ್ಮ ಸಾಗಣೆ ವ್ಯಾಪಾರದ ನಿಘಂಟಿಗೆ ಸೇರಿತು. ಪೆಟ್ರೋಲಿನ ಖರ್ಚು ತಾಳಲಾರದೆ ಇಂಥ ಹಳೆಯ ಲಾರಿಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ಪದ್ಧತಿ ಬಂದಿತು. ಮದರಾಸಿನ ಸಿಂಪ್ಸನ್ ಸಂಸ್ಥೆಯು 1950ರ ದಶಕದಲ್ಲಿ ಪರ್ಕಿನ್ಸ್ ಡೀಸೆಲ್ ಎಂಜಿನ್ನುಗಳನ್ನು ಇಲ್ಲಿಯೇ ತಯಾರಿಸತೊಡಗಿದ್ದು ಇದಕ್ಕೆ ಅನುಕೂಲವಾಯಿತು. ನೆರೆಯ ಬರ್ಮಾದಲ್ಲಿ ಷೆವರ್ಲೆ ಸಿ-15 ಚಾಸಿಗಳ ಮೇಲೆ ಮರದ ದೇಹ ಕಟ್ಟಿ ಬಸ್ಸುಗಳನ್ನಾಗಿ ಪರಿವರ್ತಿಸಿದರು. ರಂಗೂನಿನ ಬೀದಿಗಳಲ್ಲಿ ಅವು ಈ ಶತಮಾನದಲ್ಲಿಯೂ ಪ್ರಯಾಣಿಕರನ್ನು ಹೊತ್ತು ಓಡಿದವು. ಆಸ್ಟ್ರೇಲಿಯಾದಲ್ಲಿ ‘ಬ್ಲಿಟ್ಜ್’ ಎಂಬ ಅಡ್ಡಹೆಸರಿನೊಡನೆ ಇವು ರೈತರ ಹೊಲಗಳಲ್ಲಿಯೂ ಕಾಡ್ಗಿಚ್ಚು ಆರಿಸುವ ತಂಡಗಳಲ್ಲಿಯೂ ದಶಕಗಳ ಕಾಲ ದುಡಿದವು. ಇಂದು ಪುನರುಜ್ಜೀವನಕ್ಕೆ ಸಿಗುವ ಲಾರಿಗಳಲ್ಲಿ ಹೆಚ್ಚಿನವು ಹೀಗೆ ಎರಡು, ಮೂರು ಜನ್ಮಗಳನ್ನು ಕಳೆದು ಬಂದವೇ.

ಮೊದಲು ಗುರುತು, ಆಮೇಲೆ ಸ್ಪ್ಯಾನರ್

ಅನುಭವಿಗಳು ಹಳೆಯ ಲಾರಿಯನ್ನು ಕೊಂಡೊಡನೆ ಬಿಚ್ಚಲು ತೊಡಗುವುದಿಲ್ಲ. ಮೊದಲ ಕೆಲಸ ಗುರುತು ಹಿಡಿಯುವುದು. ಮಾದರಿಯ ಹೆಸರೇ ಅರ್ಧ ಇತಿಹಾಸವನ್ನು ಹೇಳುತ್ತದೆ. ‘ಎಫ್’ ಎಂದರೆ ಫೋರ್ಡ್, ‘ಸಿ’ ಎಂದರೆ ಷೆವರ್ಲೆ. ಅದರ ಮುಂದಿನ 15, 30, 60 ಎಂಬ ಅಂಕಿಗಳು ಹಂಡ್ರೆಡ್‌ವೇಟ್ ಲೆಕ್ಕದಲ್ಲಿ ಭಾರ ಹೊರುವ ಸಾಮರ್ಥ್ಯವನ್ನು ಸೂಚಿಸುತ್ತವೆ. 60 ಎಂದರೆ 3 ಟನ್. ಹಿಂದಿನ ‘ಎಸ್’ ಮತ್ತು ‘ಎಲ್’ ಅಕ್ಷರಗಳು ಗಿಡ್ಡ ಹಾಗೂ ಉದ್ದ ಚಾಸಿಗಳನ್ನು ತಿಳಿಸುತ್ತವೆ. ಕ್ಯಾಬಿನೊಳಗಿನ ಲೋಹದ ಫಲಕ, ಚಾಸಿಯ ಮೇಲೆ ಕೆತ್ತಿದ ಸಂಖ್ಯೆ, ಎಂಜಿನ್ನಿನ ಸಂಖ್ಯೆ ಇವುಗಳನ್ನು ದಾಖಲಿಸಿಕೊಂಡ ಮೇಲೆಯೇ ಯಾವ ಬಿಡಿಭಾಗ ಪಟ್ಟಿಯನ್ನು ಹುಡುಕಬೇಕೆಂಬುದು ತೀರ್ಮಾನವಾಗುತ್ತದೆ.

ಯುದ್ಧಕಾಲದ ಬಿಡಿಭಾಗ ಪಟ್ಟಿಗಳು ಪುನರುಜ್ಜೀವಕನಿಗೆ ಧರ್ಮಗ್ರಂಥವಿದ್ದಂತೆ. ಸ್ಫೋಟಿತ ಚಿತ್ರಗಳ ಮೂಲಕ ಪ್ರತಿಯೊಂದು ವಾಷರಿನ ಸ್ಥಾನವನ್ನೂ ತೋರಿಸುವ ಈ ಪುಸ್ತಕಗಳನ್ನು ಸಿದ್ಧಪಡಿಸಿದ್ದು, ಮೊನ್ನೆ ಮೊನ್ನೆಯವರೆಗೆ ನೇಗಿಲು ಹಿಡಿದಿದ್ದ ಸೈನಿಕನೂ ದೂರದ ಮರುಭೂಮಿಯಲ್ಲಿ ಕುಳಿತು ಸರಿಯಾದ ಭಾಗವನ್ನು ಕೇಳಿ ತರಿಸಿಕೊಳ್ಳಲಿ ಎಂದು. ಅದೇ ಪುಸ್ತಕದ ಮರುಮುದ್ರಣಗಳನ್ನು ನೋಡಿ ಇಂದು ಯಾವುದೋ ದೇಶದ ಒಬ್ಬ ಟರ್ನರ್ ಒಂದು ಬುಷ್ ತಿರುವುತ್ತಾನೆ.

ಬಿಚ್ಚುವಾಗ ಪ್ರತಿ ಹಂತದಲ್ಲಿಯೂ ಛಾಯಾಚಿತ್ರ ತೆಗೆದುಕೊಳ್ಳುವುದು, ಕಳಚಿದ ಭಾಗಗಳನ್ನು ಚೀಟಿ ಅಂಟಿಸಿದ ಪ್ರತ್ಯೇಕ ಡಬ್ಬಿಗಳಲ್ಲಿ ಇಡುವುದು, ಎಷ್ಟೇ ಕೆಟ್ಟಿದ್ದರೂ ಹಳೆಯ ಭಾಗವನ್ನು ಗುಜರಿಗೆ ಹಾಕದೆ ನಮೂನೆಗಾಗಿ ಉಳಿಸಿಕೊಳ್ಳುವುದು: ಇವು ಮೂರು ಮುರಿಯಬಾರದ ನಿಯಮಗಳು. ಮುಕ್ಕಾಲು ತುಕ್ಕು ತಿಂದ ಬ್ರಾಕೆಟ್ಟೂ ಹೊಸದನ್ನು ಮಾಡುವವನಿಗೆ ರಂಧ್ರಗಳ ಅಂತರವನ್ನು ತಿಳಿಸಬಲ್ಲದು.

ಮರೆಯ ಎಳೆಯ ತೊಡಕು

ನಮ್ಮ ದೇಶದ ಕಾರ್ಯಾಗಾರಗಳು ಎಡವುವ ಮೊದಲ ಸ್ಥಳ ಬೋಲ್ಟು-ನಟ್ಟುಗಳ ಮರೆ. ಕೆನಡಾದ ಲಾರಿಗಳಲ್ಲಿ ಇರುವುದು ಅಮೆರಿಕನ್ ಪದ್ಧತಿಯ ಮರೆ. ಬ್ರಿಟಿಷರಿಂದ ನಮಗೆ ಬಂದದ್ದು ವಿಟ್‌ವರ್ತ್ ಮರೆ. ಇಂದು ಅಂಗಡಿಗಳಲ್ಲಿ ದೊರೆಯುವುದು ಮೆಟ್ರಿಕ್. ವಿಟ್‌ವರ್ತ್ ಮರೆಯ ಕೋನ 55 ಡಿಗ್ರಿ, ಅಮೆರಿಕನ್ ಮರೆಯದು 60 ಡಿಗ್ರಿ. ಅರ್ಧ ಅಂಗುಲದ ದಪ್ಪ ಎಳೆಯ ಬೋಲ್ಟಿನಲ್ಲಿ ಒಂದು ಅಂಗುಲಕ್ಕೆ ವಿಟ್‌ವರ್ತಿನಲ್ಲಿ 12 ಸುತ್ತು, ಅಮೆರಿಕನ್ ಪದ್ಧತಿಯಲ್ಲಿ 13 ಸುತ್ತು. ಕಣ್ಣಿಗೆ ಒಂದೇ ಎಂದು ತೋರುವ ಎರಡನ್ನು ಬಲವಂತದಿಂದ ಬೆರೆಸಿದರೆ ಎಳೆಗಳು ಕಿತ್ತುಹೋಗುತ್ತವೆ. ಬ್ರೇಕಿನ ಅಥವಾ ಸ್ಟೀರಿಂಗಿನ ಜಾಗದಲ್ಲಿ ಹೀಗಾದರೆ ಪರಿಣಾಮವನ್ನು ವಿವರಿಸಬೇಕಾಗಿಲ್ಲ.

ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳಿಗೇ ಈ ತೊಡಕು ಎಷ್ಟು ಕಾಡಿತೆಂದರೆ, ಅಮೆರಿಕ, ಬ್ರಿಟನ್ ಮತ್ತು ಕೆನಡಾ ದೇಶಗಳು 1948ರಲ್ಲಿ ಒಪ್ಪಂದ ಮಾಡಿಕೊಂಡು ‘ಯುನಿಫೈಡ್’ ಎಂಬ ಏಕರೂಪದ ಮರೆಯನ್ನು ಸ್ವೀಕರಿಸಿದವು. ಪ್ರಮಾಣೀಕರಣವೆಂದರೆ ಸರ್ಕಾರಿ ಕಾಗದದ ಹೊರೆ ಎಂದು ಭಾವಿಸುವವರು ಈ ಇತಿಹಾಸವನ್ನು ನೆನೆಯುವುದು ಒಳಿತು. ಒಂದು ಮರೆಮಾಪಕವನ್ನು ಕೊಳ್ಳುವ ಖರ್ಚು, ಒಂದು ಎಂಜಿನ್ ಬ್ಲಾಕಿನ ರಂಧ್ರವನ್ನು ಕೆಡಿಸಿಕೊಳ್ಳುವ ನಷ್ಟಕ್ಕೆ ಹೋಲಿಸಿದರೆ ನಗಣ್ಯ.

ಎಂಜಿನ್: ಕೈಕಸುಬಿನ ಪರೀಕ್ಷೆ

ಫೋರ್ಡ್ ವಿ-8 ಎಂಜಿನ್ನಿನಲ್ಲಿ ಕವಾಟಗಳು ಬ್ಲಾಕಿನೊಳಗೇ ಇದ್ದು, ಸುಟ್ಟ ಅನಿಲವು ಬ್ಲಾಕಿನ ಮೂಲಕವೇ ಹೊರಹೋಗುವುದರಿಂದ ಶಾಖದ ಒತ್ತಡ ಹೆಚ್ಚು. ಕವಾಟದ ಪೀಠಗಳ ಸುತ್ತ ಕೂದಲೆಳೆಯಂಥ ಬಿರುಕುಗಳು ಬಿಟ್ಟಿರುವುದು ಸಾಮಾನ್ಯ. ಆದ್ದರಿಂದ ಹಣ ಸುರಿಯುವ ಮುನ್ನ ಕಾಂತೀಯ ಪರೀಕ್ಷೆಯಿಂದ ಬ್ಲಾಕಿನ ಆರೋಗ್ಯವನ್ನು ತಿಳಿದುಕೊಳ್ಳಬೇಕು. ಎರಕದ ಕಬ್ಬಿಣವನ್ನು ಬೆಸೆಯುವುದು ಅಪಾಯಕರ. ಬಿಸಿ ಮಾಡದೆ, ಮರೆಯುಳ್ಳ ಪಿನ್ನುಗಳನ್ನು ಸಾಲಾಗಿ ತೂರಿಸಿ ‘ಹೊಲಿಯುವ’ ವಿಧಾನವು ಬ್ಲಾಕನ್ನು ಉಳಿಸಬಲ್ಲದು. ದಶಕಗಳ ಕೆಸರು ನೀರಿನ ಮಾರ್ಗಗಳಲ್ಲಿ ಗಟ್ಟಿಯಾಗಿ ಕುಳಿತಿರುವುದರಿಂದ ಅದನ್ನು ಪೂರ್ತಿ ತೆಗೆಯದೆ ಹೊಸ ರೇಡಿಯೇಟರ್ ಹಾಕಿದರೂ ಎಂಜಿನ್ ಕುದಿಯುವುದು ತಪ್ಪದು.

ಷೆವರ್ಲೆ 216 ಎಂಜಿನ್ನಿನ ಸವಾಲು ಬೇರೆ. ಇದರ ಕನೆಕ್ಟಿಂಗ್ ರಾಡುಗಳಲ್ಲಿ ಇಂದಿನಂತೆ ಬದಲಾಯಿಸಬಹುದಾದ ಬೇರಿಂಗ್ ಚಿಪ್ಪುಗಳಿಲ್ಲ. ತವರ, ಆಂಟಿಮನಿ ಮತ್ತು ತಾಮ್ರಗಳ ಮಿಶ್ರಲೋಹವಾದ ಬ್ಯಾಬಿಟ್ಟನ್ನು ಕರಗಿಸಿ ರಾಡಿನ ಮೇಲೆಯೇ ಎರಕ ಹೊಯ್ದು, ಕ್ರ್ಯಾಂಕಿನ ಅಳತೆಗೆ ಕೊರೆದು, ತೆಳುವಾದ ಷಿಮ್ಮುಗಳಿಂದ ಸಡಿಲವನ್ನು ಸರಿಪಡಿಸಬೇಕು. ಲೋಹ ಅತಿಯಾಗಿ ಕಾದರೆ ಒಂದು ದೋಷ, ಸಾಲದಷ್ಟು ಕಾದರೆ ಇನ್ನೊಂದು. ರಾಡಿಗೆ ತವರದ ಲೇಪ ಸರಿಯಾಗಿ ಹಿಡಿಯದಿದ್ದರೆ ಎರಕವೇ ಕಳಚಿಬರುತ್ತದೆ. ಒಂದು ಕಾಲದಲ್ಲಿ ನಮ್ಮ ಜಿಲ್ಲಾ ಕೇಂದ್ರಗಳ ಎಂಜಿನ್ ರಿಪೇರಿ ಅಂಗಡಿಗಳಲ್ಲಿ ಈ ಕೆಲಸ ನಿತ್ಯದ ಮಾತಾಗಿತ್ತು. ಕಬ್ಬಿನ ಗಾಣ, ಅಕ್ಕಿ ಗಿರಣಿ, ಹಳೆಯ ಎಣ್ಣೆ ಎಂಜಿನ್ನುಗಳ ಬೇರಿಂಗುಗಳಿಗೆ ಹೊಯ್ಯುತ್ತಿದ್ದುದೂ ಇದೇ ಬಿಳಿಲೋಹ. ಚಿಪ್ಪು ಬೇರಿಂಗುಗಳು ಬಂದ ಮೇಲೆ ಈ ಕೈಗಳಿಗೆ ಕೆಲಸ ಕಡಿಮೆಯಾಯಿತು. ಮುಂದಿನ ಪೀಳಿಗೆ ಅದನ್ನು ಕಲಿಯಲಿಲ್ಲ. ಪುನರುಜ್ಜೀವನದ ಜಗತ್ತಿನಲ್ಲಿ ಇಂದು ಲೋಹದ ಕೊರತೆಗಿಂತ ಹೆಚ್ಚಾಗಿ ಕಾಡುವುದು ಈ ಕೈಗಳ ಕೊರತೆ.

ವಿದ್ಯುತ್, ಇಂಧನ ಮತ್ತು ಬ್ರೇಕು

ಈ ಲಾರಿಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಅಷ್ಟೇ ಶಕ್ತಿಯನ್ನು ಸಾಗಿಸಲು 12 ವೋಲ್ಟಿನ ವ್ಯವಸ್ಥೆಗಿಂತ ಎರಡು ಪಟ್ಟು ವಿದ್ಯುತ್ ಪ್ರವಾಹ ಬೇಕು. ತಂತಿ ಒಂದೇ ಆದಲ್ಲಿ ಅದರಲ್ಲಾಗುವ ನಷ್ಟ ನಾಲ್ಕು ಪಟ್ಟು. ಅಂಗಡಿಯಲ್ಲಿ ಸಿಗುವ ಇಂದಿನ ತೆಳು ಕೇಬಲ್ಲನ್ನು ಹಾಕಿ, ಸ್ಟಾರ್ಟರ್ ತಿರುಗುತ್ತಿಲ್ಲವೆಂದು ಬ್ಯಾಟರಿಯನ್ನು ದೂರುವವರು ಅನೇಕರು. ದಪ್ಪ ತಾಮ್ರದ ಕೇಬಲ್, ಬಣ್ಣ ಕೆರೆದು ಶುದ್ಧಗೊಳಿಸಿದ ಅರ್ತ್ ಜೋಡಣೆ, ಇವೆರಡು ಇದ್ದರೆ 6 ವೋಲ್ಟು ಧಾರಾಳವಾಗಿ ಸಾಕು. ಮೂಲದಂತೆ ಹತ್ತಿಯ ನೇಯ್ಗೆ ಹೊದಿಸಿದ ತಂತಿಗಳನ್ನು ತಯಾರಿಸುವ ಸಣ್ಣ ಘಟಕಗಳು ವಿದೇಶಗಳಲ್ಲಿ ಇದನ್ನೇ ಜೀವನೋಪಾಯ ಮಾಡಿಕೊಂಡಿವೆ.

ಇಂಧನದಲ್ಲಿಯೂ ಕಾಲ ಬದಲಾಗಿದೆ. ಭಾರತದಲ್ಲಿ 2000ದಲ್ಲಿ ಸೀಸಯುಕ್ತ ಪೆಟ್ರೋಲು ನಿಂತಿತು. 2025ರ ವೇಳೆಗೆ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂಕುಗಳನ್ನು ತಲಪಿತು. 1940ರ ದಶಕದ ರಬ್ಬರು ಪೊರೆಗಳು, ಬಿರಡೆಯ ಗ್ಯಾಸ್ಕೆಟ್ಟುಗಳು, ಅರಗಿನ ಲೇಪಗಳು ಎಥನಾಲನ್ನು ತಾಳಲಾರವು. ಆದ್ದರಿಂದ ಇಂಧನ ಪಂಪಿನ ಪೊರೆಯನ್ನು ಎಥನಾಲ್ ನಿರೋಧಕ ರಬ್ಬರಿನಿಂದ ಮಾಡಿಸುವುದು, ಲಾರಿಯನ್ನು ಬಹುಕಾಲ ನಿಲ್ಲಿಸುವಾಗ ಟ್ಯಾಂಕನ್ನು ಖಾಲಿ ಮಾಡುವುದು ಅಗತ್ಯ. ಖಾಲಿಯಾದ ಹಳೆಯ ಟ್ಯಾಂಕಿನೊಳಗೆ ಉಳಿದ ಆವಿಯು ತುಂಬಿದ ಟ್ಯಾಂಕಿಗಿಂತಲೂ ಅಪಾಯಕರ. ಸಂಪೂರ್ಣ ತೊಳೆದು ಆವಿರಹಿತಗೊಳಿಸದೆ ಅದಕ್ಕೆ ಬೆಸುಗೆ ಹಚ್ಚಕೂಡದು.

ಬ್ರೇಕುಗಳು ದ್ರವದ ಒತ್ತಡದಿಂದ ಕೆಲಸ ಮಾಡುವ ಡ್ರಮ್ ಬ್ರೇಕುಗಳು. ಚಕ್ರದ ಸಿಲಿಂಡರುಗಳ ಒಳಮೈಯಲ್ಲಿ ತುಕ್ಕಿನ ಗುಳಿಗಳು ಬಿದ್ದಿದ್ದರೆ, ಅದನ್ನು ಕೊರೆದು ಸ್ಟೇನ್‌ಲೆಸ್ ಉಕ್ಕಿನ ಇಲ್ಲವೆ ಹಿತ್ತಾಳೆಯ ಒಳಕೊಳವೆ ಕೂರಿಸುವುದು ಸುಲಭ ಹಾಗೂ ಶಾಶ್ವತ ಪರಿಹಾರ. ಒಳ್ಳೆಯ ಲೇತ್ ಇರುವ ಯಾವ ಕಾರ್ಯಾಗಾರವಾದರೂ ಮಾಡಬಹುದಾದ ಕೆಲಸವಿದು. ಆ ಕಾಲದ ಬ್ರೇಕ್ ಲೈನಿಂಗ್, ಕ್ಲಚ್ ಫಲಕ ಮತ್ತು ಹೊಗೆಕೊಳವೆಯ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಧೂಳನ್ನು ಗಾಳಿಯ ಒತ್ತಡದಿಂದ ಊದುವ ನಮ್ಮ ಗ್ಯಾರೇಜುಗಳ ಅಭ್ಯಾಸ ಕೆಲಸಗಾರರ ಶ್ವಾಸಕೋಶಕ್ಕೆ ಮಾರಕ; ಒದ್ದೆ ಬಟ್ಟೆಯಿಂದ ಒರೆಸುವುದೇ ಸರಿಯಾದ ಕ್ರಮ.

ಇನ್ನೊಂದು ಎಚ್ಚರಿಕೆ ಚಕ್ರಗಳಿಗೆ ಸಂಬಂಧಿಸಿದ್ದು. 16 ಅಂಗುಲದ ಚಕ್ರಗಳು ಎರಡು ಹೋಳುಗಳನ್ನು ಬೋಲ್ಟುಗಳಿಂದ ಬಿಗಿದು ಮಾಡಿದವು. ಗಾಳಿ ತುಂಬಿರುವಾಗ ಚಕ್ರವನ್ನು ಲಾರಿಗೆ ಹಿಡಿದ ನಟ್ಟುಗಳೆಂದು ಭ್ರಮಿಸಿ ಹೋಳುಗಳನ್ನು ಬಿಗಿದ ನಟ್ಟುಗಳನ್ನು ಬಿಚ್ಚಿದರೆ, ಚಕ್ರವು ಸಿಡಿದು ಪ್ರಾಣವನ್ನೇ ತೆಗೆಯಬಹುದು. ಆ ನಟ್ಟುಗಳಿಗೆ ಕೆಂಪು ಬಣ್ಣ ಬಳಿದು ಗುರುತಿಡುವುದು ಹಳೆಯ ರೂಢಿ. ಅದನ್ನು ಪುನರುಜ್ಜೀವಕನೂ ಪಾಲಿಸಬೇಕು.

ಎಷ್ಟು ಹೊಸದಾಗಿಸಬೇಕು?

ಚಾಸಿ, ಎಂಜಿನ್ ಸಿದ್ಧವಾದ ಮೇಲೆ ದೇಹದ ಸರದಿ. ಹಲವು ಲಾರಿಗಳ ಹಿಂಭಾಗ ಮರದ್ದು. ಎತ್ತಿನಗಾಡಿ ಕಟ್ಟಿದ ಅನುಭವವುಳ್ಳ ಬಡಗಿಗೆ ಮತ್ತಿ, ಹೊನ್ನೆಯಂಥ ಗಟ್ಟಿ ಮರದಲ್ಲಿ ಇದನ್ನು ಮಾಡುವುದು ಕಷ್ಟವೇನಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಅವಸರ ಸಲ್ಲದು. ಸಣ್ಣ ಜಾಗವೊಂದರಲ್ಲಿ ಬಣ್ಣದ ಪದರಗಳನ್ನು ನಯವಾಗಿ ಉಜ್ಜುತ್ತ ಹೋದರೆ ವಾಹನದ ಜೀವನಚರಿತ್ರೆಯೇ ವೃತ್ತಾಕಾರವಾಗಿ ತೆರೆದುಕೊಳ್ಳುತ್ತದೆ: ಮೇಲೆ ಯಾವುದೋ ಮಾಲೀಕನ ನೀಲಿ, ಅದರಡಿ ಕೆಂಪು, ಎಲ್ಲಕ್ಕಿಂತ ಕೆಳಗೆ ಸೈನ್ಯದ ಕಂದು ಅಥವಾ ಹಸಿರು. ಬ್ರಿಟಿಷ್ ಸೈನ್ಯವು 1941ರ ನಂತರ ಕಂದು ಬಣ್ಣವನ್ನೂ 1944ರ ಏಪ್ರಿಲ್ ನಂತರ ಆಲಿವ್ ಹಸಿರನ್ನೂ ಮೂಲ ಬಣ್ಣವಾಗಿ ಗೊತ್ತುಪಡಿಸಿದ್ದುದರಿಂದ, ತಳದ ಬಣ್ಣವು ಕಾಲನಿರ್ಣಯಕ್ಕೂ ನೆರವಾಗುತ್ತದೆ.

ಎಲ್ಲವನ್ನೂ ಹೊಳೆಯುವಂತೆ ಮಾಡುವುದೇ ಪುನರುಜ್ಜೀವನವಲ್ಲ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ, ಉತ್ತರ ಆಫ್ರಿಕಾದ ಮರುಭೂಮಿಯಿಂದ ತಂದ ಒಂದು ಷೆವರ್ಲೆ ಲಾರಿಯನ್ನು ಬಣ್ಣ ಹಚ್ಚದೆ, ತುಕ್ಕು ಸಮೇತವಾಗಿಯೇ ಕಾಪಾಡಿಕೊಂಡಿತು. ಓಡಿಸಬೇಕಾದ ಲಾರಿಗೆ ಸುರಕ್ಷತೆಯ ಭಾಗಗಳೆಲ್ಲವೂ ಹೊಸದಾಗಿರಲೇಬೇಕು. ಆದರೆ ಗುಂಡಿನ ಗುರುತನ್ನೋ, ಸೈನಿಕನೊಬ್ಬ ಕೆತ್ತಿದ ಅಕ್ಷರವನ್ನೋ ಪುಟ್ಟಿ ಮೆತ್ತಿ ಮುಚ್ಚಿಬಿಟ್ಟರೆ ಅದು ಮತ್ತೆ ದೊರೆಯುವುದಿಲ್ಲ. ಯಾವುದನ್ನು ಬದಲಾಯಿಸಲಾಯಿತು, ಯಾವುದು ಮೂಲದ್ದು ಎಂಬ ಲಿಖಿತ ದಾಖಲೆಯನ್ನು ಇಟ್ಟುಕೊಳ್ಳುವುದು ಮಾಲೀಕನ ಕರ್ತವ್ಯ. ಮುಂದೆ ಮಾರುವಾಗ ಅದೇ ಅವನ ಪ್ರಾಮಾಣಿಕತೆಯ ಸಾಕ್ಷಿ.

ವ್ಯಾಪಾರದ ದೃಷ್ಟಿಯಿಂದ

ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಅಮೆರಿಕ ದೇಶಗಳಲ್ಲಿ ಹಳೆಯ ಸೈನಿಕ ವಾಹನಗಳ ಹವ್ಯಾಸಿಗಳ ಸಂಘಗಳು ದಶಕಗಳಿಂದ ನಡೆದುಬಂದಿವೆ. ಅವರಿಗೆ ಬೇಕಾಗಿರುವುದು ಲಕ್ಷಗಟ್ಟಲೆ ಸರಕಲ್ಲ. ಐವತ್ತು ಬಾಗಿಲ ರಬ್ಬರು ಪಟ್ಟಿ, ಮೂವತ್ತು ನೀರಿನ ಪಂಪಿನ ದೇಹ, ಇಪ್ಪತ್ತು ಜೊತೆ ಕ್ಯಾನ್ವಾಸ್ ಹೊದಿಕೆ ಎಂಬಂಥ ಬೇಡಿಕೆಗಳು. ದೊಡ್ಡ ಕಾರ್ಖಾನೆಗಳು ಇಂಥ ಆರ್ಡರುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಸಣ್ಣ ಘಟಕಕ್ಕೆ ಇದೇ ಬಲ. ಬೆಳಗಾವಿಯ ಉದ್ಯಮಬಾಗಿನ ಎರಕದ ಕಾರ್ಖಾನೆಗಳು, ಪೀಣ್ಯದ ಯಂತ್ರಶಾಲೆಗಳು ನಿತ್ಯ ಮಾಡುವ ಕೆಲಸಕ್ಕೂ ಇದಕ್ಕೂ ತಾಂತ್ರಿಕವಾಗಿ ದೊಡ್ಡ ಅಂತರವಿಲ್ಲ. ಅಂತರವಿರುವುದು ಬೆಲೆ ಕಟ್ಟುವ ರೀತಿಯಲ್ಲಿ. ಇಲ್ಲಿ ಅಚ್ಚಿನ ವೆಚ್ಚವನ್ನು ಕೆಲವೇ ನಗಗಳ ಮೇಲೆ ಹಂಚಬೇಕಾಗುತ್ತದೆ. ಆದ್ದರಿಂದ ಮುಂಗಡ ಪಡೆದು, ಒಂದೇ ಬಾರಿಗೆ ಹಲವು ಗಿರಾಕಿಗಳ ಬೇಡಿಕೆಯನ್ನು ಕಲೆಹಾಕಿ ತಯಾರಿಸುವುದೇ ಲಾಭದ ದಾರಿ.

ಎರಡು ಎಚ್ಚರಿಕೆಗಳು ಮಾತ್ರ ಅವಶ್ಯ. ಫೋರ್ಡ್, ಜನರಲ್ ಮೋಟಾರ್ಸ್ ಸಂಸ್ಥೆಗಳು ಮರುತಯಾರಿಕೆಯ ಭಾಗಗಳಿಗೆ ಪರವಾನಗಿ ನೀಡುವ ವ್ಯವಸ್ಥೆಯನ್ನು ಹೊಂದಿವೆ. ಪರವಾನಗಿ ಪಡೆಯದೆ ಅವರ ಲಾಂಛನವನ್ನು ಎರಕದಲ್ಲಿ ಮೂಡಿಸುವುದು ವ್ಯಾಪಾರಮುದ್ರೆಯ ಉಲ್ಲಂಘನೆಯಾಗುತ್ತದೆ. ಎರಡನೆಯದಾಗಿ, ಹೊಸ ಭಾಗವನ್ನು ಹಳೆಯದೆಂದು ಮಾರುವ ಆಮಿಷಕ್ಕೆ ಒಳಗಾಗಬಾರದು. ತಯಾರಕನು ತನ್ನದೇ ಸಣ್ಣ ಗುರುತನ್ನು ಭಾಗದ ಒಳಬದಿಯಲ್ಲಿ ಒತ್ತಿದರೆ ಗಿರಾಕಿಯ ನಂಬಿಕೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಈ ಮಾರುಕಟ್ಟೆ ಚಿಕ್ಕದು; ಒಬ್ಬನಿಗೆ ಮಾಡಿದ ಮೋಸ ಎಲ್ಲರಿಗೂ ತಿಳಿಯುತ್ತದೆ.

ನಮ್ಮಲ್ಲಿಯೇ ಲಾರಿಯನ್ನು ಪುನರುಜ್ಜೀವನಗೊಳಿಸಬಯಸುವವರು ಕಾನೂನನ್ನೂ ಗಮನಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈ ತಿಂಗಳಲ್ಲಿ ತಂದ ತಿದ್ದುಪಡಿಯು 50 ವರ್ಷ ಮೀರಿದ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯನ್ನು ಒದಗಿಸಿತು. ಹೊಸ ನೋಂದಣಿಗೆ ರೂ. 20,000, ಮರುನೋಂದಣಿಗೆ ರೂ. 5,000 ಶುಲ್ಕ, ಅವಧಿ 10 ವರ್ಷ. ಪ್ರದರ್ಶನ, ರ್‍ಯಾಲಿ ಮುಂತಾದ ಸಂದರ್ಭಗಳಿಗೆ ಮಾತ್ರ ರಸ್ತೆಗಿಳಿಯಬಹುದು, ಬಾಡಿಗೆಗೆ ಓಡಿಸುವಂತಿಲ್ಲ. ಆದರೆ ಈ ನಿಯಮವನ್ನು ರೂಪಿಸಿರುವುದು ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರಗಳ ವಾಹನಗಳನ್ನು ದೃಷ್ಟಿಯಲ್ಲಿಟ್ಟುಕೊಂಡು. ಸರಕು ಲಾರಿಯ ವರ್ಗ ಬೇರೆ. ಆದಕಾರಣ ಹಣ ತೊಡಗಿಸುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಾಹನದ ವರ್ಗ ಹಾಗೂ ದಾಖಲೆಗಳ ಬಗ್ಗೆ ಲಿಖಿತ ಸ್ಪಷ್ಟನೆ ಪಡೆಯುವುದು ವಿವೇಕ.

ನಮ್ಮ ಸರಕಿಗೆ ಎಂಬತ್ತು ವರ್ಷ

ಸೈನಿಕ ಲಾರಿಯ ಹವ್ಯಾಸ ಎಲ್ಲರಿಗೂ ಇರಬೇಕಾಗಿಲ್ಲ. ಆದರೆ ಅದು ಎತ್ತುವ ಪ್ರಶ್ನೆ ಪ್ರತಿಯೊಬ್ಬ ತಯಾರಕನಿಗೂ ಸಂಬಂಧಿಸಿದ್ದು. ಇಂದು ನಾವು ಮಾರುತ್ತಿರುವ ಪಂಪು, ಗಿರಣಿ, ಕೃಷಿ ಉಪಕರಣಗಳು ಇಪ್ಪತ್ತು ವರ್ಷಗಳ ನಂತರ ಕೆಟ್ಟರೆ, ನಾವಿಲ್ಲದಾಗ ಅದನ್ನು ಬೇರೊಬ್ಬರು ಸರಿಪಡಿಸಬಲ್ಲರೇ? ಎಷ್ಟೋ ಸಣ್ಣ ಕಾರ್ಖಾನೆಗಳಲ್ಲಿ ನಕ್ಷೆಯೇ ಇರುವುದಿಲ್ಲ. ಅಳತೆ ಹಿರಿಯ ಫಿಟ್ಟರನ ನೆನಪಿನಲ್ಲಿರುತ್ತದೆ. ಅವರು ನಿವೃತ್ತರಾದ ದಿನ ಆ ಸರಕಿನ ಆಯುಷ್ಯವೂ ಮುಗಿದಂತೆ. ತಯಾರಿಸುವ ಪ್ರತಿಯೊಂದು ವಸ್ತುವಿಗೂ ಭಾಗಗಳ ಪಟ್ಟಿ, ಪ್ರತಿ ಭಾಗಕ್ಕೂ ಸಂಖ್ಯೆ, ಅಳತೆ, ಲೋಹದ ವಿವರ ಮತ್ತು ಮರೆಯ ಪದ್ಧತಿಯನ್ನು ಬರೆದಿಡುವುದಕ್ಕೆ ಬಂಡವಾಳ ಬೇಕಾಗಿಲ್ಲ. ಕೆಲವು ಸಂಜೆಗಳ ಶ್ರಮ ಸಾಕು.

ಬ್ಯಾಬಿಟ್ ಹೊಯ್ಯುವವರು, ಸ್ಪ್ರಿಂಗ್ ಪಟ್ಟಿಗಳನ್ನು ಕಾಯಿಸಿ ಬಾಗಿಸುವವರು, ತಗಡನ್ನು ಕೈಯಿಂದಲೇ ಬಡಿದು ಆಕಾರಕ್ಕೆ ತರುವವರು ನಮ್ಮ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ವಾಣಿಜ್ಯೋದ್ಯಮ ಸಂಸ್ಥೆಗಳು ತಮ್ಮ ತಮ್ಮ ಜಿಲ್ಲೆಯಲ್ಲಿ ಇಂಥ ಕುಶಲಿಗಳ ಹೆಸರು ಹಾಗೂ ಕಸುಬಿನ ಪಟ್ಟಿಯನ್ನು ಸಿದ್ಧಪಡಿಸಿ, ಐ.ಟಿ.ಐ. ವಿದ್ಯಾರ್ಥಿಗಳನ್ನು ಅವರಲ್ಲಿಗೆ ಕೆಲವು ವಾರಗಳ ಮಟ್ಟಿಗಾದರೂ ಕಳುಹಿಸುವ ಏರ್ಪಾಡು ಮಾಡಿದಲ್ಲಿ, ಅದರ ಪ್ರಯೋಜನ ಹಳೆಯ ಲಾರಿಗಳಿಗಷ್ಟೇ ಸೀಮಿತವಾಗದು. ಈ ದಿಸೆಯಲ್ಲಿ ಸದಸ್ಯರು ತಮ್ಮ ತಮ್ಮ ಊರಿನ ಕುಶಲಿಗಳ ವಿವರಗಳನ್ನು ಸಂಗ್ರಹಿಸುವ ಕಾರ್ಯವನ್ನು ಇಂದಿನಿಂದಲೇ ಆರಂಭಿಸಬಹುದಾಗಿದೆ.